ಸೂಜಿಯಿಲ್ಲದ ಶುಗರ್ ವಾಚು

ನನಗೆ ಸಕ್ಕರೆ ಕಾಯಿಲೆಯ ಹೆದರಿಕೆ ಎಂದೂ ಇರಲಿಲ್ಲ. ಹೆದರಿಕೆಯೆಲ್ಲ ಸೂಜಿಯದು! ಬೆರಳಿಗೆ ಚುಚ್ಚಿ ರಕ್ತ ನೋಡುವ ಯಂತ್ರವನ್ನು ಹೆಂಡತಿ ಶಾರದಾ ಹೊರತೆಗೆದರೆ ಸಾಕು, ನನಗೆ ಆಫೀಸಿನ ತುರ್ತು ಕೆಲಸ ನೆನಪಾಗುತ್ತಿತ್ತು. ಹಾಗಾಗಿ, ಚುಚ್ಚದೆ, ನೋಯಿಸದೆ ಶುಗರ್ ತೋರಿಸುವ ವಾಚಿನ ಜಾಹೀರಾತು ಮೊಬೈಲಿನಲ್ಲಿ ಕಂಡ ದಿನ ಭಾವುಕನಾಗಿ ಆರ್ಡರ್ ಮಾಡಿಬಿಟ್ಟೆ.

"ಡಾಕ್ಟರಿಗೆ ಒಂದ್ ಮಾತ್ ಕೇಳ್ರಿ," ಎಂದಳು ಶಾರದಾ.

"ಅವರಿಗೇನ್ ತಿಳೀತದ ಹೊಸಾ ಟೆಕ್ನಾಲಜಿ?" ಎಂದೆ. ನಾನು ಮುಂಬೈ ಅಂಧೇರಿಯ ಕಂಪನಿಯೊಂದರಲ್ಲಿ ಡಿಸ್ಪ್ಯಾಚ್ ಕ್ಲಾರ್ಕು. ಟೆಕ್ನಾಲಜಿ ನನಗಲ್ಲದೆ ಇನ್ಯಾರಿಗೆ ತಿಳಿಯಬೇಕು!

ವಾಚು ಬಂತು. ಕಟ್ಟಿಕೊಂಡೆ. ತೊಂಬತ್ತೆಂಟು! ಶ್ರೀಖಂಡ ತಿಂದೆ. ತೊಂಬತ್ತೆಂಟು! ಜಿಲೇಬಿ ತಿಂದೆ. ತೊಂಬತ್ತೇಳು! ಜಿಲೇಬಿಯಿಂದ ಸಕ್ಕರೆ ಇಳಿಯುತ್ತದೆಂಬ ಈ ಸಂಶೋಧನೆಯನ್ನು ಪಕ್ಕದ ಮನೆಯ ಪಾಟೀಲರಿಗೂ ದಯಪಾಲಿಸಿದೆ. ದಿನಾ ನುಂಗುತ್ತಿದ್ದ ಶುಗರ್ ಮಾತ್ರೆಗಳಿಗೆ ಗೌರವಪೂರ್ವಕ ನಿವೃತ್ತಿ ಕೊಟ್ಟೆ.

ಕೆಲವು ವಾರ ಕಳೆದವು. ಬಾಯಾರಿಕೆ ಹೆಚ್ಚಾಯಿತು, ಮುಂಬೈ ಸೆಕೆಯನ್ನು ಶಪಿಸಿದೆ. ಕಣ್ಣು ಮಂಜಾಯಿತು, ಕನ್ನಡಕದ ಅಂಗಡಿಯವನಿಗೆ ಬೈದು ಬಂದೆ. ಒಂದು ಸಂಜೆ ಅಂಧೇರಿ ಸ್ಟೇಷನ್ನಿನ ಬೋರ್ಡು ಕಾಣದೆ, ಬಂದ ಲೋಕಲ್ ಹತ್ತಿದೆ. ನಮ್ಮ ಕಾಂದಿವಲಿ ಬಂತು, ನಿಲ್ಲದೆ ಹೋಯಿತು! ಅದು ವಿರಾರ್ ಫಾಸ್ಟು. ಮುಂದೆ ಬೊರಿವಲಿಯಲ್ಲಿ ಇಳಿಯಲು ಜನರ ಗರ್ದಿ ಬಿಡಲಿಲ್ಲ. ಕೊನೆಯ ಸ್ಟೇಷನ್ ವಿರಾರಿನ ಬೆಂಚಿನ ಮೇಲೆ ಕುಸಿದು ಮನೆಗೆ ಫೋನ್ ಮಾಡಿದೆ.

"ಶಾರದಾ, ತಲಿ ತಿರಗಾಕ ಹತ್ತೇದ. ಗಾಬರಿ ಆಗಬ್ಯಾಡ, ಶುಗರ್ ಅಂತೂ ಅಲ್ಲ."

"ಗೊತ್ತದರೀ. ತೊಂಬತ್ತೆಂಟ ಅದ."

"ನಿನಗ ಹ್ಯಾಂಗ ಗೊತ್ತಾತು?"

"ವಾಚ್ ಇಲ್ಲೇ ಮನ್ಯಾಗ ಬಿಟ್ಟು ಹೋಗೀರಿ. ಚಪಾತಿ ಕಣಕದ ಮ್ಯಾಲೆ ಇಟ್ಟು ನೋಡೀನಿ!"

ಕೈ ನೋಡಿಕೊಂಡೆ. ಖಾಲಿ! ನಾನು ಹತ್ತಿರದಲ್ಲಿ ಇಲ್ಲದಿದ್ದರೂ ನನ್ನ ಆರೋಗ್ಯ ಅಷ್ಟು ಚೆನ್ನಾಗಿತ್ತು.

"ಅಲ್ಲೇ ಕೂಡ್ರಿ. ಪಾಟೀಲರನ್ನ ಕರಕೊಂಡು ಬರ್ತೀನಿ," ಎಂದಳು. ಬೈಯಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಆಗಲೇ.

ಇಬ್ಬರೂ ಬಂದು ನನ್ನನ್ನು ನೇರ ಕ್ಲಿನಿಕ್ಕಿಗೆ ಒಯ್ದರು. ಶುಗರ್ ಮುನ್ನೂರು ದಾಟಿತ್ತೆಂಬುದು, ಡಾಕ್ಟರು ನನ್ನ ಟೆಕ್ನಾಲಜಿಯನ್ನು ಅಚ್ಚು ಹಾಕಲಾಗದ ಮಾತುಗಳಲ್ಲಿ ಹೊಗಳಿದರೆಂಬುದು ಆಮೇಲಿನ ಸಂಗತಿ. ಅದಕ್ಕೂ ಮೊದಲು ನರ್ಸ್ ನನ್ನ ಬೆರಳು ಹಿಡಿದಳು. ನಾನು ಕಣ್ಣು ಮುಚ್ಚಿ, ಹೊರಗೆ ಕುಳಿತ ರೋಗಿಗಳೆಲ್ಲ ಎದ್ದು ನಿಲ್ಲುವಂತೆ ಕಿರುಚಿದೆ.

ಆಕೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ತೋರಿಸುತ್ತ ಹೇಳಿದಳು:

"ಅಂಕಲ್, ಅಭೀ ತೋ ಸಿರ್ಫ್ ಕಾಟನ್ ಲಗಾಯಾ ಹೈ, ಸೂಯಿ ಬಾಕಿ ಹೈ!"