ದೇವರ ಬಲ, ನನ್ನ ಎಡ

ಮನುಷ್ಯನಿಗೆ ಸ್ವಂತ ಇಚ್ಛೆ ಎನ್ನುವುದೊಂದು ಇದೆಯೇ, ಇಲ್ಲವೇ, ಶಾಸ್ತ್ರ ಏನು ಹೇಳುತ್ತದೆ ಎಂದು ದೊಡ್ಡ ದೊಡ್ಡವರೆಲ್ಲ ತಲೆ ಕೆಡಿಸಿಕೊಂಡಿದ್ದಾರಂತೆ. ಅವರಿಗೆ ಈ ಪ್ರಶ್ನೆ ಓದುವಾಗಲೋ ಧ್ಯಾನ ಮಾಡುವಾಗಲೋ ಹುಟ್ಟಿರಬೇಕು. ನನಗೆ ಹುಟ್ಟಿದ್ದು ಸ್ಕೂಟರಿನಿಂದ. ಐವತ್ತು ದಾಟಿದ ಮೇಲೆ ನನಗೆ ಸ್ಕೂಟರ್ ಕಲಿಯುವ ಹುಚ್ಚು ಹತ್ತಿತು. ಹುಚ್ಚು ಎನ್ನುವುದು ನಮ್ಮ ಯಜಮಾನರ ಮಾತು. ನಾನು ಅದನ್ನು ಇಚ್ಛೆ ಎನ್ನುತ್ತೇನೆ. ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಅಕ್ಕನ ಮನೆಗೆ ನಾನು ಹೋಗಬೇಕೆಂದರೆ ಮೊದಲು ಯಜಮಾನರಿಗೆ ಎಣ್ಣೆ ಅಂಗಡಿಯಿಂದ ಪುರುಸೊತ್ತಾಗಬೇಕು, ಆಮೇಲೆ ರಾಹುಕಾಲ ಮುಗಿಯಬೇಕು, ಅದಾದ ಮೇಲೂ ಅವರ ಮುಖ ನೆಟ್ಟಗಿರಬೇಕು. ಇವೆಲ್ಲ ಕೂಡಿ ಬರುವಷ್ಟರಲ್ಲಿ ಕಾದು ಕಾದು ಅಕ್ಕನೇ ಬಸ್ಸು ಹತ್ತಿ ಬಂದಿರುತ್ತಾಳೆ. ನನಗೆ ಸಾಕಾಗಿಹೋಗಿತ್ತು. ಬೇಕೆನಿಸಿದಾಗ ಎದ್ದು ಹೋಗಬೇಕು, ಯಾರನ್ನೂ ಕೇಳಬಾರದು. ಅಷ್ಟೇ ನನ್ನ ಆಸೆ.

ಯಾರನ್ನೂ ಕೇಳಬಾರದು ಎಂಬುದಕ್ಕೂ ಮೊದಲು ಯಜಮಾನರನ್ನೇ ಕೇಳಬೇಕಾಯಿತು. ಅವರು ಪೇಪರಿನಿಂದ ತಲೆ ಎತ್ತದೆ "ನಿನ್ನಿಷ್ಟ" ಎಂದರು. ಮದುವೆಯಾದ ಹೆಂಗಸರಿಗೆ ಈ ಪದದ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮಿಕ್ಕವರಿಗೆ ಹೇಳುತ್ತೇನೆ: ಮಾಡಿ ನೋಡು, ಆಮೇಲೆ ಇದೆ ನಿನಗೆ ಎಂದರ್ಥ. ಇದೇ ಮನುಷ್ಯ ಅಂಗಡಿಯಲ್ಲಿ ಎಣ್ಣೆ ಡಬ್ಬ ಉರುಳಿದರೆ "ಶಿವನಿಚ್ಛೆ" ಎನ್ನುತ್ತಾರೆ. ಶೇಂಗಾ ಎಣ್ಣೆಯ ರೇಟು ಏರಿದ ದಿನ ಮಾತ್ರ "ನಾನು ಮೊದ್ಲೇ ಹೇಳಿರ್ಲಿಲ್ವಾ?" ಎನ್ನುತ್ತಾರೆ. ಪಾಪ, ಶಿವನ ಪಾಲಿಗೆ ಬರುವುದೆಲ್ಲ ಬರೀ ಸೋರಿದ್ದು, ಚೆಲ್ಲಿದ್ದು. ಕೆಲವು ದಿನ ನಾನೂ ಅದೇ ಮತ ಹಿಡಿದೆ. ಸಾರಿಗೆ ಉಪ್ಪಿಲ್ಲವೇ? ಶಿವನಿಚ್ಛೆ. ಅಂಗಿಗೆ ಇಸ್ತ್ರಿ ಇಲ್ಲವೇ? ಅದೂ ಅವನಿಚ್ಛೆಯೇ. ಕೊನೆಗೆ ಯಜಮಾನರು ತಟ್ಟೆ ತಳ್ಳಿ, "ಶಿವ ನಮ್ಮ ಅಡಿಗೆ ಮನೆಗೆ ಯಾವಾಗ ಬಂದ್ನೇ?" ಎಂದು ಕೂಗಾಡಿದರು. "ನಿಮ್ಮ ಅಂಗಡಿ ಕೆಲ್ಸ ಮುಗಿಸ್ಕಂಡು ಬಂದ ಕಣ್ರೀ" ಎಂದೆ.

ಆಗ ಶ್ರಾವಣ. ಮಠದಲ್ಲಿ ಸಂಜೆ ಪುರಾಣ ನಡೆಯುತ್ತಿತ್ತು. ಪುರಾಣ ಹೇಳುವ ಶಾಸ್ತ್ರಿಗಳು ಒಂದು ದಿನ, ನಮ್ಮನ್ನೆಲ್ಲ ಆಡಿಸುವವನು ಅವನೇ, ನಮ್ಮದೇನೂ ಇಲ್ಲ ಎಂದರು. ಮಾರನೆಯ ದಿನವೇ, ತಪ್ಪು ಮಾಡಿದವರಿಗೆ ನರಕ ಖಂಡಿತ ಎಂದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೇಳಿಯೇಬಿಟ್ಟೆ: "ಆಡ್ಸೋನು ಅವನಾದ್ರೆ ನರಕಕ್ಕೆ ನಾನ್ಯಾಕ್ರೀ ಹೋಗ್ಬೇಕು?" ಗಂಡಸರ ಸಾಲಿನಲ್ಲಿದ್ದ ಯಜಮಾನರು ಚಪ್ಪಲಿ ಎಲ್ಲಿ ಬಿಟ್ಟಿದ್ದೆ ಎಂದು ನೋಡತೊಡಗಿದರು. ಶಾಸ್ತ್ರಿಗಳು ನಕ್ಕರು. "ಎರಡೂ ಐತಮ್ಮ ಶಾಸ್ತ್ರದಾಗೆ. ಯುದ್ಧದ ನಡುವೆ ರಥ ನಿಲ್ಸಿ ಅಷ್ಟೆಲ್ಲ ಉಪದೇಶ ಮಾಡಿದ ದೇವ್ರು ಕೊನೆಗೆ ಏನಂದ? ಚೆನ್ನಾಗಿ ಯೋಚ್ನೆ ಮಾಡಪ್ಪಾ, ಆಮೇಲೆ ನಿನ್ನಿಷ್ಟ ಅಂದ." ಎಲ್ಲರೂ ತಲೆದೂಗಿದರು. ನಾನು ಕೂತೆನಾದರೂ ಒಳಗೆ ಕುದಿಯುತ್ತಿತ್ತು. ದೇವರು ಹೇಳಿದ್ದು ಯಾವ ನಿನ್ನಿಷ್ಟ? ನಿಜವಾಗಿ ಬಿಟ್ಟುಕೊಟ್ಟನೋ, ಇಲ್ಲಾ ನಮ್ಮ ಯಜಮಾನರ ಹಾಗೆ ಮುಖ ಎತ್ತದೆ ಹೇಳಿದನೋ? ಶಾಸ್ತ್ರದಲ್ಲಿ ಮಾತು ಬರೆದಿರುತ್ತಾರೆ, ದನಿ ಬರೆದಿರುವುದಿಲ್ಲ.

ಮನೆಗೆ ಬರುವ ದಾರಿಯಲ್ಲಿ ಯಜಮಾನರು ತೀರ್ಮಾನ ಕೊಟ್ಟರು. "ಮಠದಾಗೆ ಮಾನ ಕಳೆದಿದ್ದು ಸಾಕು. ಮನೆದೇವ್ರನ್ನೇ ಕೇಳಾಣ ನಡಿ. ಹೂವು ಕೊಟ್ರೆ ಸ್ಕೂಟ್ರು, ಇಲ್ಲಾಂದ್ರೆ ಬಾಯಿ ಮುಚ್ಕಂಡು ಇರ್ಬೇಕು." ನಮ್ಮ ಮನೆದೇವರು ಇರುವುದು ಬಿ.ಜಿ. ಕೆರೆ ದಾಟಿದ ಮೇಲೆ ಒಳಗೆ ಹೋಗುವ ಒಂದು ಸಣ್ಣ ಹಳ್ಳಿಯಲ್ಲಿ. ಗುಡಿಯ ಕಟ್ಟೆಯ ಮೇಲೆ ನಿಂತರೆ ದೂರಕ್ಕೆ ಜಟಿಂಗ ರಾಮೇಶ್ವರನ ಬೆಟ್ಟ ಕಾಣುತ್ತದೆ. ಅಲ್ಲಿ ದೇವರ ಮೈಗೆ ಎರಡೂ ಕಡೆ ಒದ್ದೆ ಹೂವು ಅಂಟಿಸಿ ಬೇಡಿಕೊಳ್ಳುತ್ತಾರೆ. ಬಲಗಡೆಯ ಹೂವು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಪೂಜಾರಪ್ಪ ಗಂಟೆ ಬಾರಿಸಿ, "ಸ್ವಾಮೀ, ಈಯಮ್ಮ ಗಾಡಿ ಹೊಡೀಬೇಕಂತೆ, ನೋಡಿ ಹೇಳಪ್ಪಾ" ಎಂದರು. ದೇವರು ಬಹಳ ಹೊತ್ತು ಯೋಚಿಸಿದ. ಕೊನೆಗೆ ಒಂದು ಸೇವಂತಿಗೆ ಜಾರಿ ಬಿತ್ತು.

"ಎಡಕ್ಕೆ ಬಿತ್ತು! ಮುಗೀತು, ಕೈ ಮುಗಿ" ಎಂದರು ಯಜಮಾನರು.

ನನಗೆ ರೇಗಿತು. "ಯಾರ ಎಡ್ರೀ? ನಮ್ಮ ಎಡ. ಸ್ವಾಮಿ ನಮ್ಮ ಕಡೆ ಮುಖ ಮಾಡಿ ನಿಂತವ್ನೆ. ಅವನ ಬಲಗೈ ಯಾವುದು ನೋಡ್ರಿ!"

"ಕೇಳೋರು ನಾವು. ನಮ್ಮ ಎಡಾನೇ ಲೆಕ್ಕ."

"ಹಂಗಾ? ಗೋಡೌನು ಕಟ್ಸೋಕೆ ಕೇಳಿದಾಗ್ಲೂ ಇದೇ ಕಡೆ ಬಿದ್ದಿತ್ತಲ್ಲ, ಅವತ್ತು ದೇವ್ರ ಬಲ ಅಂತ ಕುಣಿದಾಡಿದ್ರಿ. ಗೋಡೌನಿಗಾದ್ರೆ ದೇವ್ರ ಬಲ, ಸ್ಕೂಟ್ರಿಗಾದ್ರೆ ನಿಮ್ಮ ಎಡನಾ?"

ಯಜಮಾನರು ಪೂಜಾರಪ್ಪನನ್ನು ನ್ಯಾಯಕ್ಕೆ ಕರೆದರು. ಅವರು ಗೋಡೌನಿನ ದಕ್ಷಿಣೆ ತೆಗೆದುಕೊಂಡವರು, ಸ್ಕೂಟರಿನ ದಕ್ಷಿಣೆಯನ್ನೂ ತೆಗೆದುಕೊಳ್ಳಬೇಕಾದವರು. ಬಿದ್ದ ಹೂವನ್ನು ಎತ್ತಿ ನನ್ನ ಕೈಗಿಟ್ಟು, "ಹೂವು ಕೊಡೋದು ಸ್ವಾಮಿ ಕೆಲ್ಸ ಕದಾ ತಾಯಿ. ಅದನ್ನ ಯಾವ ಕಡೆ ಅಂತ ತಗಳಾದು ನಿಮ್ಮಿಷ್ಟ" ಎಂದರು. ಆಶ್ಚರ್ಯವೆಂದರೆ, ಅವರು ನನ್ನ ಮುಖ ನೋಡಿಯೇ ಹೇಳಿದರು. ನನಗೆ ಅಷ್ಟು ಶಾಸ್ತ್ರ ಸಾಕಾಯಿತು. ಹೂವನ್ನು ಮುಡಿದುಕೊಂಡೆ.

"ಎಡ ಬಲ ಗೊತ್ತಿಲ್ದೋಳು ಗಾಡಿ ಹೊಡೀತಾಳಂತೆ" ಎಂದು ಯಜಮಾನರು ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದರು. ಗೊಣಗಲಿ. ನಾನು ಕಲಿತೆ, ಎರಡು ಸಲ ಬಿದ್ದೆ, ಲೈಸೆನ್ಸನ್ನೂ ತಗೊಂಡೆ. ಮೊದಲು ದೇವರಿಗೆ ಕಾಯಿ ಒಡೆಸಿ, ಅಲ್ಲಿಂದ ಅಕ್ಕನ ಮನೆಗೆ ಎಂದು ಹೊರಟ ದಿನ ಒಬ್ಬಳನ್ನೇ ಕಳಿಸಲು ಧೈರ್ಯವಿಲ್ಲದೆ ಯಜಮಾನರೂ ತೆಂಗಿನಕಾಯಿ ಚೀಲ ತಬ್ಬಿಕೊಂಡು ಹಿಂದೆ ಕೂತರು. ಬಿ.ಜಿ. ಕೆರೆ ದಾಟಿತು. ಹಳ್ಳಿಯ ದಾರಿ ಬಂತು. ರೂಲ್ಸು ಬಿಡಬಾರದೆಂದು ಇಂಡಿಕೇಟರ್ ಹಾಕಿ ಗಾಂಭೀರ್ಯದಿಂದ ಎಡಕ್ಕೆ ತಿರುಗಿಸಿದೆ. ಹಿಂದೆ ಲಾರಿಯೊಂದು ಕಿರ್ರೆಂದು ನಿಂತಿತು. ಡ್ರೈವರ್ ಕತ್ತು ಹೊರಗೆ ಹಾಕಿ, "ಏಮಮ್ಮಾ! ಲೈಟು ಆ ಕಡೆ, ಗಾಡಿ ಈ ಕಡೆ! ಯಾವ ಕಡೆಗೆ ಹೋಗ್ತೀಯಾ ನೀನು?" ಎಂದು ಅರಚಿದ.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಯಜಮಾನರು, "ಶಿವನಿಚ್ಛೆ ಕಣಪ್ಪಾ!" ಎಂದು ಕೂಗಿದರು.

"ಅಲ್ಲ, ನನ್ನಿಷ್ಟ!" ಎಂದು ನಾನು ಇನ್ನೂ ಜೋರಾಗಿ ಕೂಗಿ ಗಾಡಿ ಬಿಟ್ಟೆ. ಗುಡಿಯ ಮುಂದೆ ಇಳಿದು ನೋಡಿದಾಗಲೂ ಇಂಡಿಕೇಟರ್ ಬಲಕ್ಕೇ ಮಿಣುಕುತ್ತಿತ್ತು.