ಅತ್ತೆಯ ಹೇನು ತಪಾಸಣೆ

ಎಪ್ಪತ್ತರ ದಶಕದ ಒಂದು ಬೇಸಿಗೆ ಸೂಟಿಯಲ್ಲಿ, ಬನಹಟ್ಟಿಯ ನಮ್ಮ ಸೋದರತ್ತೆ ತನ್ನ ಓಣಿಯ ಅಷ್ಟೂ ಮಕ್ಕಳ ತಲೆ ತಪಾಸಣೆ ಮಾಡಿದಳು. ಮಾಡೆಂದು ಯಾರೂ ಹೇಳಿರಲಿಲ್ಲ. ಬೇಡವೆನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ!

ಕಾರಣ ನನ್ನ ತಂಗಿ. ಅವಳಿಗಾಗ ಒಂಬತ್ತು ವರ್ಷ, ಸೊಂಟದವರೆಗೆ ಜಡೆ. ಜಮಖಂಡಿಯಿಂದ ನಾವಿಬ್ಬರೂ ಅತ್ತೆಯ ಮನೆಗೆ ಬಂದ ಮೂರನೆಯ ವಾರ ಅವಳ ತಲೆಯಲ್ಲಿ ಹೇನು ಕಂಡವು. ನಮ್ಮನ್ನು ನೋಡಲು ಬಂದ ಅಪ್ಪ ತೀರ್ಪು ಕೊಟ್ಟರು.

"ಮುಂದಿನ ರವಿವಾರ ಬರ್ತೇನಿ. ಅಷ್ಟರಾಗ ಹೋಗಲಿಲ್ಲಂದ್ರ ತಲಿ ಬೋಳಿಸೂದ."

"ಹೆಣ್ಣ ಹುಡುಗಿ ತಲಿ ಬೋಳಸ್ತಾನಂತ! ನಾ ಏನ್ ಸತ್ತೇನೇನೋ ತಮ್ಮಾ?" ಎಂದಳು ಅತ್ತೆ. ತಂಗಿ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಳುತ್ತಿದ್ದಳು.

ಅತ್ತೆ ಕೈಮಗ್ಗದ ಸೀರೆ ನೇಯುವವಳು. ಸಾವಿರಾರು ಎಳೆಗಳ ನಡುವೆ ಕಡಿದ ಒಂದೇ ಎಳೆ ಹುಡುಕಿ ಗಂಟು ಹಾಕುವ ಕಣ್ಣಿಗೆ ಹೇನೊಂದು ದೊಡ್ಡದೇ? ಬೆಳಿಗ್ಗೆ ಬೇವಿನೆಣ್ಣೆ, ಆಮೇಲೆ ಸಣ್ಣ ಹಲ್ಲಿನ ಹಣಿಗೆ, ಬಿಸಿನೀರು. ಸಂಜೆಗೆ ತಲೆ ಸ್ವಚ್ಛ. ಮರುದಿನ ಮತ್ತೆ ಮೂರು!

"ಇವು ಮರಿ ಅಲ್ಲ, ಬಲತ ಹೇನು. ಹೊರಗಿಂದ ಬಂದಾವು" ಎಂದು ಅತ್ತೆ ಓಣಿಯ ಮಕ್ಕಳ ತಲೆಗಳ ತನಿಖೆಗೆ ಹೊರಟಳು.

ಓಣಿಯ ಹೆಂಗಸರು ಮಧ್ಯಾಹ್ನ ಮಗ್ಗ ನಿಲ್ಲಿಸಿ, ಅತ್ತೆಯ ಮನೆಯ ಕಟ್ಟೆಯ ಮೇಲೆ ಒಬ್ಬಳ ಹಿಂದೊಬ್ಬಳು ಸಾಲಾಗಿ ಕೂರುತ್ತಿದ್ದರು. ಹಿಂದಿನವಳು ಮುಂದಿನವಳ ತಲೆ ನೋಡುವುದು ರೂಢಿ. ಸಾಲಿನ ಕಟ್ಟಕಡೆಗೆ, ಗೋಡೆಗೆ ಬೆನ್ನು ಹಚ್ಚಿ ಅತ್ತೆ. ಅಲ್ಲಿಂದ ಎಲ್ಲರ ಮೇಲೂ ನಿಗಾ ಇಡಬಹುದಲ್ಲ!

ಅವಳ ಗುಮಾನಿ ಪಕ್ಕದ ಮನೆಯ ಗಂಗವ್ವನ ಮಗಳ ಮೇಲೆ. ಆಕೆಯೂ ತಂಗಿಯೂ ತಲೆಗೆ ತಲೆ ತಾಗಿಸಿ ಕೂತು, ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದರು.

"ಹೇನಿಗಿ ರೆಕ್ಕಿ ಇಲ್ಲ, ಜಿಗಿಯಾಕೂ ಬರೂದಿಲ್ಲ. ತಲಿಗಿ ತಲಿ ಹಚ್ಚಿದ್ರಷ್ಟ ದಾಟತಾವ" ಎಂದು ಅತ್ತೆ ಇಬ್ಬರನ್ನೂ ಬೇರೆ ಮಾಡಿದಳು. ಹುಡುಗಿಯರು ಅವರವರ ಹೊಸ್ತಿಲಲ್ಲಿ ಕೂತು, ಓಣಿಗೆಲ್ಲ ಕೇಳುವಂತೆ ಗುಟ್ಟು ಹೇಳಿಕೊಂಡರು.

ಶುಕ್ರವಾರ ಮತ್ತೆ ಎರಡು ಸಿಕ್ಕವು. ರವಿವಾರಕ್ಕೆ ಉಳಿದದ್ದು ಎರಡೇ ದಿನ. ಮಧ್ಯಾಹ್ನದ ಸಾಲಿನಲ್ಲೇ ಅತ್ತೆ ಗಂಗವ್ವನ ಮೇಲೆ ಹರಿಹಾಯ್ದಳು.

ಗಂಗವ್ವ ಅಲುಗಾಡಲಿಲ್ಲ. "ನನ್ನ ಮಗಳ ತಲಿ ದಿನಾ ನೀನ ನೋಡ್ತಿ. ಎಷ್ಟ ಸಿಕ್ಕೂ?"

"ಒಂದೂ ಇಲ್ಲ" ಎಂದಳು ಅತ್ತೆ. ಸುಳ್ಳು ಹೇಳುವವಳಲ್ಲ.

"ನಿಮ್ಮ ಹುಡುಗಿ ಯಾರ ಬಗಲಾಗ ಮಲಗತಾಳು?"

"ನನ್ನ ಬಗಲಾಗ. ಒಂದ ದಿಂಬು."

"ಮತ್ತ ಅಕ್ಕಾ, ನಿನ್ನ ತಲಿ ಯಾರ ನೋಡ್ತಾರ?"

ಅತ್ತೆ ಹಿಂದೆ ತಿರುಗಿದಳು. ಗೋಡೆ ಇತ್ತು.

ಸಾಲಿನ ಹೆಂಗಸರೆಲ್ಲ ನಕ್ಕರು. ಅತ್ತೆ ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡಳು. ಮಾವ ತೀರಿಹೋದ ಮೇಲೆ ಅವಳು ಒಬ್ಬಳೇ ಇದ್ದ ಮನೆ ಅದು; ಆ ಸೆರಗು ಜಾರಿದ್ದನ್ನು ನಾವು ಕಂಡಿರಲಿಲ್ಲ. ಅಷ್ಟರಲ್ಲಿ ತಂಗಿ ಹಣಿಗೆ ಎತ್ತಿಕೊಂಡು ಬಂದಳು.

"ಅತ್ತಿ, ಮುಂದ ಸರಿ."

ಅತ್ತೆ ಸರಿದಳು. ತಂಗಿ ಗೋಡೆಗೂ ಅವಳಿಗೂ ನಡುವೆ ತೂರಿಕೊಂಡು ಕೂತಳು. ಹೇನು ರಾಶಿ ಸಿಕ್ಕವು. ಪಕ್ಕಕ್ಕೆ ಬಾಗಿದಾಗ ಅತ್ತೆಯ ಕೆನ್ನೆ ಒದ್ದೆಯಾಗಿದ್ದನ್ನು ಕಂಡು ತಂಗಿ ಗಾಬರಿಯಾದಳು.

"ನೋವಾತೇನತ್ತಿ?"

"ಇಲ್ಲ ನನ್ನವ್ವ. ನಮ್ಮವ್ವ ಸತ್ತ ಮ್ಯಾಲ ಇಲ್ಲಿ ಯಾರೂ ಕೈ ಇಟ್ಟಿರಲಿಲ್ಲ. ಇನ್ನೊಂದೀಟ ನೋಡು."

ಶನಿವಾರವೂ ನೋಡಿದಳು. ರವಿವಾರ ಅಪ್ಪ ಬಂದರು, ತಂಗಿಯ ತಲೆ ಬಿಡಿಸಿ ನೋಡಿದರು. ಏನೂ ಸಿಗಲಿಲ್ಲ. ಜಡೆ ಉಳಿಯಿತು.

ಅತ್ತೆಯ ಕೂದಲು ಈಗ ಪೂರ್ತಿ ಬೆಳ್ಳಗಾಗಿದೆ, ಕಣ್ಣು ಮಂಜಾಗಿ ಮಗ್ಗ ಬಿಟ್ಟಿದ್ದಾಳೆ. ತಂಗಿಯ ಗಂಡನ ಮನೆ ರಬಕವಿ. ಪ್ರತಿ ಶುಕ್ರವಾರ ಆಕೆ ಬನಹಟ್ಟಿಗೆ ಹೋಗಿ ಅತ್ತೆಯ ತಲೆ ನೋಡುತ್ತಾಳೆ. ಹೇನು ಸಿಕ್ಕು ಎಷ್ಟೋ ವರ್ಷವಾಯಿತು.