ಹತ್ತನೇ ಕೋಟು

ಒಂದೇ ಒಂದು ವೋಟು. ಅದರಿಂದ ನಿಂತಣ್ಣ ಮೇಯರ್ ಆಗಿಬಿಟ್ಟ, ಅದರಿಂದಲೇ ದರ್ಜಿಯ ಗ್ರಹಚಾರವೂ ಕೆಟ್ಟಿತು.

ನಿಂತಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೇಯರ್ ಚುನಾವಣೆಗೆ ಒಂಬತ್ತು ಸಲ ನಿಂತು, ಒಂಬತ್ತು ಸಲವೂ ಸೋತವನಿಗೆ ಬೀದಿಯವರು ಕೊಟ್ಟ ಬಿರುದು. ಅವನ ರಾಜಕೀಯ ಚರಿತ್ರೆ ಬೇಕಾದವರು ನಗರಸಭೆಯ ಕಡತ ತಡಕಬೇಕಾಗಿರಲಿಲ್ಲ, ದರ್ಜಿಯ ಅಳತೆ ಪುಸ್ತಕ ತೆರೆದರೆ ಸಾಕಿತ್ತು. ಪ್ರತಿ ಸಲವೂ ಫಲಿತಾಂಶಕ್ಕೆ ಮೊದಲೇ ಪ್ರಮಾಣವಚನಕ್ಕೆಂದು ಒಂದು ಕರಿ ಕೋಟು ಹೊಲಿಸಿಡುತ್ತಿದ್ದ. ಮೊದಲನೇ ಚುನಾವಣೆ: ಹೊಟ್ಟೆ ಮೂವತ್ತೆರಡು ಇಂಚು, ಸೋಲು ನಾಲ್ಕು ಸಾವಿರ ವೋಟಿನಿಂದ. ಐದನೆಯದು: ಹೊಟ್ಟೆ ನಲವತ್ತನಾಲ್ಕು, ಸೋಲು ಒಂಬೈನೂರರಿಂದ. ಒಂಬತ್ತನೆಯದು: ಹೊಟ್ಟೆ ಐವತ್ತೆರಡು, ಸೋಲು ಬರೀ ಹದಿನೇಳರಿಂದ. ಸೋತ ಬೇಸರಕ್ಕೆ ಉಂಡೂ ಉಂಡೂ ಹೊಟ್ಟೆ ಮುಂದೆ ಬಂದಂತೆಲ್ಲ ಸೋಲು ಹಿಂದೆ ಸರಿಯುತ್ತಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಆ ಹೊಟ್ಟೆಯ ನೆರಳಿಗೆ ಒಂದು ವಾರ್ಡಿನ ಮತದಾರರೆಲ್ಲ ಕೂರಬಹುದಿತ್ತು. ನಾನು ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ.

ಒಂಬತ್ತನೇ ಸೋಲಿನ ದಿನ ನಿಂತಣ್ಣನ ಹೆಂಡತಿ ಅಂಗಡಿಗೇ ಬಂದು ಗುಡುಗಿದ್ದಳು.

"ನಮ್ಮ ಯಜಮಾನ್ರಲ್ಲಿ ಯಾವ ಐಬೂ ಇಲ್ಲ. ಎಲ್ಲಾ ನಿನ್ನ ಸೂಜಿದೇ ಶನಿ! ಇನ್ನು ಟೇಪು ಹಿಡ್ಕೊಂಡು ನಮ್ಮನೆ ಮೆಟ್ಟಿಲು ಹತ್ತಿದ್ರೆ ನೋಡು!"

ಹಾಗಾಗಿ ಹತ್ತನೇ ಸಲ ಕೋಟು ಹೊಲಿಸಲಿಲ್ಲ. ಗೆದ್ದೇಬಿಟ್ಟ!

ಬೆಳಿಗ್ಗೆ ಹತ್ತಕ್ಕೆ ಫಲಿತಾಂಶ ಬಂತು. ಹತ್ತೂವರೆಗೆ ನಿಂತಣ್ಣ ದರ್ಜಿಯ ಅಂಗಡಿಯಲ್ಲಿದ್ದ, ಅಂದರೆ ಹೊಟ್ಟೆ ಒಳಗಿತ್ತು, ಅವನು ಹೊರಗಿದ್ದ.

"ಸಂಜೆ ಐದಕ್ಕೆ ಪ್ರಮಾಣವಚನ. ಕರಿ ಕೋಟಿಲ್ದೆ ವೇದಿಕೆ ಹತ್ತೋ ಹಾಗಿಲ್ವಂತೆ. ಹೊಲಿ."

"ಅಣ್ಣಾ, ಅಷ್ಟರೊಳಗೆ ಕೋಟಾ? ಗಲಾಟೆ ಆಗುತ್ತೆ ಅಂತ ಬಟ್ಟೆ ಅಂಗಡಿಗಳೆಲ್ಲ ಬಾಗಿಲು ಹಾಕಿವೆ. ಈ ಮೈಗೆ ಬಟ್ಟೆ ಎಲ್ಲಿಂದ ತರ್ಲಿ?"

"ನಿನ್ನಂಗಡಿ ಬೀದಿಗೆ ಮೂರಡಿ ಚಾಚ್ಕೊಂಡಿದೆ ಅಲ್ವಾ?"

ಹೊಲಿಗೆ ಮೆಷಿನ್ನು, ಸ್ಟೂಲು, ದರ್ಜಿ, ಮೂವರೂ ಇದ್ದದ್ದು ಆ ಮೂರಡಿಯಲ್ಲೇ. ಅದನ್ನು ತೆಗೆದರೆ ಉಳಿಯುವುದು ಒಂದು ಗೋಡೆ, ಒಂದು ಮೊಳೆ. ಎದುರಾಳಿಯಾಗಿ ನಿಂತಿದ್ದ ನಿವೃತ್ತ ಹೆಡ್ಮಿಸ್ಟ್ರೆಸ್ ಟೀಚರಮ್ಮ "ನೇರ ರಸ್ತೆ, ನೇರ ಆಡಳಿತ" ಎಂದು ಒಂದು ತಿಂಗಳಿಡೀ ಕೂಗಿದ್ದರು. ಆ ತಿಂಗಳು ದರ್ಜಿ ಕಣ್ಣಿಗೆ ಕಣ್ಣು ಹಚ್ಚಿರಲಿಲ್ಲ.

"ಐದಕ್ಕೆ ಕೋಟು ನನ್ನ ಮೈಮೇಲಿದ್ರೆ ನಿನ್ನ ಮೂರಡಿಗೆ ನಾನು ಜವಾಬ್ದಾರಿ," ಎಂದ ನಿಂತಣ್ಣ. "ಇಲ್ದಿದ್ರೆ ನಂಗೂ ನೇರ ರಸ್ತೆ ಮೇಲೆ ಆಸೆ ಬಂದುಬಿಡುತ್ತೆ."

ದರ್ಜಿಗೆ ಹೊಳೆದದ್ದು ಒಂದೇ ದಾರಿ. "ಹಳೇ ಕೋಟುಗಳಲ್ಲಿ ಎಂಟನೇದು, ಒಂಬತ್ತನೇದು ಗುಟ್ಟಾಗಿ ಕಳ್ಸಿ. ಎರಡೂ ಬಿಚ್ಚಿ ಒಂದು ಮಾಡ್ತೀನಿ."

"ನನ್ನ ಹೆಂಡ್ತಿಗೆ ಗೊತ್ತಾಗ್ಬಾರ್ದು!" ಎಂದು ನಿಂತಣ್ಣ ಪಿಸುಗುಟ್ಟಿದ. ಆ ಪಿಸುಮಾತು ಮೂರು ಬೀದಿಯಾಚೆಗೆ ಕೇಳಿಸಿತು.

ಕೋಟುಗಳು ಬಂದವು. ದರ್ಜಿ ಅವನ್ನು ಹರವಿ, ಕಿವಿಗೆ ಸಿಕ್ಕಿಸಿದ್ದ ನೀಲಿ ಸೀಮೆಸುಣ್ಣ ತೆಗೆದು ಗೆರೆ ಎಳೆಯತೊಡಗಿದ. ಆ ಸುಣ್ಣದ ತುಂಡು ಅವನ ಆರನೇ ಬೆರಳು. ಬಟ್ಟೆಗೂ ಅದೇ, ಹೆಂಡತಿ ಹೇಳಿದ ಸಾಮಾನಿನ ಪಟ್ಟಿಗೂ ಅದೇ, ಮಗಳ ಶಾಲೆಯ ರಜಾ ಅರ್ಜಿಗೆ ಸಹಿಯೂ ಅದರಲ್ಲೇ.

ಎರಡು ಗೆರೆ ಎಳೆಯುವಷ್ಟರಲ್ಲಿ ಪಕ್ಕದಂಗಡಿಯ ಕ್ಷೌರಿಕ ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಓಡಿಬಂದ.

"ಕೇಳ್ದೇನೋ? ಆ ಒಂದು ವೋಟು ನಂದು!"

"ನಿಂದಾ?" ಎಂದು ಎದುರಂಗಡಿಯ ಗಡಿಯಾರ ರಿಪೇರಿಯವನು ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆಯದೆಯೇ ಬಂದ. "ಬಾಗಿಲು ಹಾಕೋಕೆ ಒಂದು ನಿಮಿಷ ಇದ್ದಾಗ ಕೊನೇ ವೋಟು ಹಾಕಿದ್ದು ನಾನಪ್ಪಾ. ಗೆಲ್ಸಿದ್ದು ನಾನು."

"ನಿನ್ನ ಗಡಿಯಾರದ ಪ್ರಕಾರ ಮತದಾನ ಇನ್ನೂ ಶುರುವೇ ಆಗಿಲ್ಲ, ಸುಮ್ನಿರು."

"ಸ್ವಲ್ಪ ಆಚೆ ನಿಂತ್ಕೊಳ್ರಪ್ಪಾ, ತೋಳಿನ ಮೇಲೆ ನಿಂತಿದೀರಿ!" ಎಂದು ದರ್ಜಿ ಗೋಗರೆದ.

ಅವರು ಆಚೆ ಹೋಗಲಿಲ್ಲ, ಇನ್ನೊಂದು ತೋಳಿನ ಮೇಲೆ ನಿಂತರು. ಹನ್ನೆರಡರ ಹೊತ್ತಿಗೆ ಆ ಒಂದು ವೋಟಿಗೆ ನಲವತ್ತು ಜನ ವಾರಸುದಾರರಾಗಿದ್ದರು, ನಲವತ್ತೂ ಜನ ಅಂಗಡಿಯ ಮೂರಡಿಯಲ್ಲೇ ಇದ್ದರು. ಕ್ಷೌರಿಕನ ಮೊಣಕೈ ತಗಲಿ ದಾರದ ಡಬ್ಬಿ ಬೀದಿಪಾಲಾಯಿತು. ಯಾರೋ ಕುಡಿಯುತ್ತಿದ್ದ ಚಹಾ ಕೋಟಿನ ಹಿಂಭಾಗದ ಮೇಲೆ ಚೆಲ್ಲಿತು. ಈ ಗದ್ದಲದಲ್ಲಿ ದರ್ಜಿ ಎಡತೋಳನ್ನು ಬಲಕ್ಕೆ ಕೂಡಿಸಿ, ಬಿಚ್ಚಿ, ಮತ್ತೆ ಬಲಕ್ಕೇ ಕೂಡಿಸಿದ.

ಕೊನೆಗೆ ಅವನ ಸಹನೆಯೂ ಕಿತ್ತುಹೋಯಿತು.

"ಯಾರದೂ ಅಲ್ಲ, ಆ ವೋಟು ನಂದು! ನೀವೆಲ್ಲ ಹಾಕಿದ್ದು ಕಾಟಾಚಾರಕ್ಕೆ. ನಾನು ಹಾಕಿದ್ದು ಈ ಮೂರಡಿಗೋಸ್ಕರ. ಬೂತಲ್ಲಿ ದಾರ ಕಟ್ಟಿಟ್ಟಿದ್ದ ಪೆನ್ಸಿಲ್ಲು ಮೊಂಡಾಗಿತ್ತು. ಆದ್ರೂ ಬಿಟ್ನಾ? ಕುರುಡನಿಗೂ ಕಾಣೋ ಹಾಗೆ ದಪ್ಪಗೆ ಗುರುತು ಹಾಕಿ ಬಂದಿದೀನಿ. ಈಗ ಹೋಗ್ತೀರೋ, ಕತ್ತರಿ ತಗೊಳ್ಲೋ?"

ಅಷ್ಟರಲ್ಲಿ ಸುದ್ದಿ ಬಂತು: ಟೀಚರಮ್ಮ ಮರುಎಣಿಕೆ ಕೇಳಿದ್ದಾರೆ. ಜನ ಜಾತ್ರೆಯ ಹಾಗೆ ನಗರಸಭೆ ಕಡೆ ಓಡಿತು. ದರ್ಜಿ ಒಂಟಿಯಾಗಿ ಮೆಷಿನ್ನು ತುಳಿದ ತುಳಿತಕ್ಕೆ ಬೀದಿಯ ಗಾಜುಗಳೆಲ್ಲ ಅದುರಿದವು. ಐದಕ್ಕೆ ಹತ್ತು ನಿಮಿಷವಿದ್ದಾಗ ಅವನು ಕೋಟು ಹೊತ್ತು ಸಭಾಂಗಣಕ್ಕೆ ನುಗ್ಗಿದ.

ನಿಂತಣ್ಣ ತೋಳು ತೂರಿಸಿದ. ಗುಂಡಿ ಹಾಕಿದ. ಆಹಾ! ಹೊಟ್ಟೆಗೆ ಕೋಟು ಕೂತಿತೋ ಕೋಟಿಗೆ ಹೊಟ್ಟೆ ಕೂತಿತೋ, ಒಂದೇ ಒಂದು ಸುಕ್ಕಿಲ್ಲ.

"ನಿನ್ನ ಮೂರಡಿ ಗಟ್ಟಿಯಾಯ್ತು ಹೋಗೋ!" ಎಂದು ನಿಂತಣ್ಣ ಅವನ ಬೆನ್ನು ಚಪ್ಪರಿಸಿದ.

ಆಗ ಚುನಾವಣಾಧಿಕಾರಿ ಒಳಕೋಣೆಯಿಂದ ಹೊರಬಂದ. ಕೈಯಲ್ಲೊಂದು ಮತಪತ್ರ.

"ಮರುಎಣಿಕೆ ಮುಗೀತು. ಒಂದು ವೋಟು ಬಿಟ್ಟು ಮಿಕ್ಕಿದ್ದೆಲ್ಲ ಸರಿಯಾಗಿದೆ. ಈ ಒಂದು ಮಾತ್ರ ಅಸಿಂಧು. ಬೂತಿನ ಪೆನ್ಸಿಲ್ಲಲ್ಲೇ ಗುರುತು ಹಾಕಬೇಕು ಅಂತ ನಿಯಮ. ಯಾರೋ ಪುಣ್ಯಾತ್ಮರು ನೀಲಿ ಸೀಮೆಸುಣ್ಣದಲ್ಲಿ ಹಾಕಿದಾರೆ."

ನಲವತ್ತು ತಲೆಗಳು ತಿರುಗಿದವು. ದರ್ಜಿ ಮೆಲ್ಲಗೆ ಕಿವಿಯ ಮೇಲೆ ಕೈಯಿಟ್ಟು ಮುಚ್ಚಿಕೊಂಡ, ಬೆರಳ ಸಂದಿಯಿಂದ ನೀಲಿ ಪುಡಿ ಉದುರಿತು.

"ನಂಗೆ ಆಗ್ಲೇ ಅನುಮಾನ ಬಂತು," ಎಂದರು ಟೀಚರಮ್ಮ, ಕನ್ನಡಕ ಮೂಗಿನ ತುದಿಗೆ ಇಳಿಸಿ. "ಮೂರನೇ ಕ್ಲಾಸಲ್ಲೂ ಇವನದು ಇದೇ ಕತೆ. ಕೈಗೆ ಪೆನ್ಸಿಲ್ ಕೊಟ್ರೂ ಪರೀಕ್ಷೆ ಪೇಪರ್ ಮೇಲೆ ಸೀಮೆಸುಣ್ಣದಲ್ಲಿ ಗೀಚ್ತಿದ್ದ."

ವೋಟು ಸಮಸಮ. ನಾಣ್ಯ ಮೇಲೆ ಚಿಮ್ಮಿತು, ಸೂರು ಮುಟ್ಟಿ ಬಂತು, ನಿಂತಣ್ಣನ ಹೊಟ್ಟೆಗೆ ಬಡಿದು ಟೀಚರಮ್ಮನ ಕಡೆ ಬಿತ್ತು.

"ಸೋತ ಕೋಟುಗಳದೇ ಬಟ್ಟೆ ಇದು!" ಎಂದು ನಿಂತಣ್ಣನ ಹೆಂಡತಿ ಹಿಂದಿನ ಸಾಲಿನಿಂದ ಕಿರುಚಿದಳು. "ಚಹಾದ ಕಲೆ ಬೇರೆ ಸೇರಿಸಿದಾನೆ!"

ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮೇಯರ್ ಆಗಿದ್ದ ನಿಂತಣ್ಣ ಕೋಟು ಬಿಚ್ಚಿ ಕೊಟ್ಟ. ಟೀಚರಮ್ಮನಿಗೆ ಕೋಟಿರಲಿಲ್ಲ, ಅವರು ಗೆಲ್ಲುತ್ತೇನೆಂದು ಬಂದಿರಲಿಲ್ಲ. ಬಿದಿರು ಗಳದಂಥ ಆ ಮೈಗೆ ದರ್ಜಿ ಅರವತ್ತು ಗುಂಡುಪಿನ್ನು ಚುಚ್ಚಿ ಕೋಟು ನಿಲ್ಲಿಸಿದ. ಹಾ ಹೂ ಎನ್ನುವಷ್ಟರಲ್ಲಿ ಪ್ರಮಾಣವಚನವೂ ಆಗಿಹೋಯಿತು.

ಹೊಸ ಮೇಯರ್ ಭಾಷಣ ಮಾಡಿದರು. "ನನ್ನ ಈ ಗೆಲುವಿಗೆ ನನ್ನ ಹಳೇ ಶಿಷ್ಯನೇ ಕಾರಣ. ಕೋಟೂ ಅವನದೇ. ಇಂಥ ಉಪಕಾರ ನಾನು ಮರೆಯೋಳಲ್ಲ. ಅವನನ್ನ ಎಲ್ಲರಿಗಿಂತ ಮೊದಲು ಗೌರವಿಸಬೇಕು."

ದರ್ಜಿಗೆ ಹೋದ ಜೀವ ಬಂದಂತಾಯಿತು. ಬೀಳುತ್ತಿದ್ದ ಕಣ್ಣೀರನ್ನು ಟೇಪಿನ ತುದಿಯಿಂದ ಒರೆಸಿಕೊಂಡ.

"ಆದ್ದರಿಂದ ನೇರ ರಸ್ತೆ ಕಾಮಗಾರಿಯ ಮೊದಲನೇ ಏಟು ನಾಳೆ ಬೆಳಿಗ್ಗೆ ಅವನ ಅಂಗಡಿಗೇ!"

ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಕ್ಷೌರಿಕ. ಅವನ ಅಂಗಡಿ ಎರಡಡಿ ಮಾತ್ರ ಚಾಚಿತ್ತು, ಸರದಿ ನಾಳಿದ್ದು.

ಮರುದಿನ ಹತ್ತರ ಹೊತ್ತಿಗೆ ಉಳಿದದ್ದು ಒಂದು ಗೋಡೆ, ಒಂದು ಮೊಳೆ. ದರ್ಜಿ ಮೆಷಿನ್ನನ್ನು ತಬ್ಬಿಕೊಂಡು ಬಿಸಿಲಲ್ಲಿ ಕೂತಿದ್ದ. ಇದ್ದಕ್ಕಿದ್ದಂತೆ ಬಿಸಿಲು ಮರೆಯಾಯಿತು. ಮೋಡವೆಂದು ತಲೆಯೆತ್ತಿದ. ನಿಂತಣ್ಣ ಎರಡೂ ಕೈ ಮೇಲೆತ್ತಿ ನಿಂತಿದ್ದ.

"ಅಳತೆ ತಗೋ, ನಂದಲ್ಲ," ಎಂದ. "ಮುಂದಿನ ಚುನಾವಣೆಗೆ ಟೀಚರಮ್ಮ ಮತ್ತೆ ನಿಲ್ತಾರಂತೆ. ಕೋಟು ಅವರ ಅಳತೇಗೆ ಹೊಲಿ ಅಂತ ಹೇಳೋಕೆ ಬಂದೆ. ನಿನ್ನ ಸೂಜಿ ಶನಿ ಈ ಸಲ ಅವರಿಗೇ ಹತ್ಲಿ."

"ಮತ್ತೆ ಕೈ ಯಾಕೆ ಎತ್ತಿದೀರಿ ಅಣ್ಣಾ?"

"ಅಭ್ಯಾಸ ಕಣೋ."